ಇಪ್ಪತ್ತು ಹನಿ

ಬೆಳಿಗ್ಗೆ ಆರೂವರೆಗೆ ಮಹೇಶ್ ಮನೆಗೆ ವಾಪಸ್ ಬಂದಾಗ ಶೋಭಾರಾಣಿ ಮಗಳ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದಳು. ಆ ಹೊತ್ತಿಗೆ ಅವನು ಮಾಗಡಿ ರಸ್ತೆಯ ಹಳ್ಳಿಗಳಲ್ಲಿ ಗಾರ್ಮೆಂಟ್ಸ್ ಹೆಂಗಸರನ್ನು ಬಸ್ಸಿಗೆ ಹತ್ತಿಸಿಕೊಳ್ಳುತ್ತಿರಬೇಕಿತ್ತು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತ.

"ಯಾಕ್ರೀ, ಗಾಡಿ ಕೆಟ್ಟೋಯ್ತಾ?"

"ಊದೋ ಮಿಷನ್‌ನಲ್ಲಿ ಬಂತು."

"ಏನು ಬಂತು?"

"ನಲವತ್ತಾರು. ಮೂವತ್ತು ದಾಟಬಾರ್ದು. ಓನರು ಕೀ ಕಿತ್ಕೊಂಡು ಕಳಿಸಿದ್ರು."

ಅವಳು ಸೌಟು ಕೆಳಗಿಟ್ಟು ಅವನ ಹತ್ತಿರ ಹೋಗಿ ಮೂಸಿದಳು. ಮೂರು ವರ್ಷದ ಹಿಂದೆ ದಿನಾ ಮಾಡುತ್ತಿದ್ದ ಕೆಲಸ. ಮೂಗಿಗೆ ಅಭ್ಯಾಸ ಇನ್ನೂ ಹೋಗಿರಲಿಲ್ಲ. ಬ್ರಾಂದಿಯ ವಾಸನೆ ಇರಲಿಲ್ಲ. ಇದ್ದದ್ದು ಹಸಿ ಸೊಪ್ಪನ್ನು ಸ್ಪಿರಿಟ್ಟಿನಲ್ಲಿ ಕೊಳೆಹಾಕಿದ ವಾಸನೆ. ಅದು ಅವಳ ಸೀರೆಯಲ್ಲೂ ಇತ್ತು, ಕೂದಲಲ್ಲೂ ಇತ್ತು.

"ನಿನ್ನ ಔಷಧಿ ಕಣೇ," ಅಂದ ಮಹೇಶ್. "ಮನೇಲಿ ತಗೊಳ್ಳೋದು ಮರ್ತಿದ್ದೆ. ಯಾರ್ಡ್ ಗೇಟಲ್ಲಿ ನೆನಪಾಯ್ತು. ಜೇಬಲ್ಲಿ ಬಾಟ್ಲಿ ಇತ್ತು, ನೇರ ನಾಲಿಗೆ ಮೇಲೆ ಬಿಟ್ಕೊಂಡೆ. ತಗೊಂಡ್ಮೇಲೆ ನೀರು ಕುಡೀಬಾರ್ದು ಅಂತ ನೀನೇ ಹೇಳಿದೀಯಲ್ಲ. ಹಂಗೇ ಹೋಗಿ ಊದಿದೆ."

ಅವಳಿಗೆ ತಕ್ಷಣ ಅರ್ಥವಾಯಿತು. ಬಾಯಲ್ಲಿ ಉಳಿದ ಸ್ಪಿರಿಟ್ಟನ್ನೇ ಮಿಷನ್ ಹಿಡಿದಿತ್ತು.

ಶೋಭಾರಾಣಿ ಹದಿನಾಲ್ಕು ವರ್ಷದಿಂದ ರಾಜಾಜಿನಗರದ ಒಂದು ಹೋಮಿಯೋ ಮತ್ತು ಗಿಡಮೂಲಿಕೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಡಾಕ್ಟರರ ಚೀಟಿ ನೋಡಿ ಕಪಾಟಿನಿಂದ ಕಂದು ಬಾಟಲಿ ತೆಗೆದು ಕೊಡುವುದು, ಹೇಗೆ ತೆಗೆದುಕೊಳ್ಳಬೇಕೆಂದು ಹೇಳುವುದು ಅವಳ ಕೆಲಸ. ಇಪ್ಪತ್ತು ಹನಿ, ಅರ್ಧ ಲೋಟ ನೀರಿಗೆ. ಊಟಕ್ಕೆ ಮುಂಚೆ. ಆಮೇಲೆ ಅರ್ಧ ಗಂಟೆ ಏನೂ ಬೇಡ, ಕಾಫಿ ಬೇಡ, ಬಾಯಿ ಮುಕ್ಕಳಿಸಬೇಡಿ, ಔಷಧಿ ಬಾಯಲ್ಲೇ ಇಂಗಬೇಕು. ದಿನಕ್ಕೆ ಐವತ್ತು ಸಲ ಇದೇ ಮಾತು. ನಿದ್ದೆ ಬಾರದವರಿಗೆ ಅಶ್ವಗಂಧ, ಕೆಮ್ಮಿಗೆ ಆಡುಸೋಗೆ, ಬಿಟ್ಟು ಬಿಟ್ಟು ಬರುವ ಜ್ವರಕ್ಕೆ ಅಮೃತಬಳ್ಳಿ, ಲಿವರಿಗೆ ನೆಲನೆಲ್ಲಿ. ಆರು ತಿಂಗಳ ಹಿಂದೆ ಸ್ಕ್ಯಾನಿಂಗ್ ಮಾಡಿಸಿದಾಗ ಮಹೇಶನ ಲಿವರ್ ದಪ್ಪವಾಗಿದೆ ಅಂದಿದ್ದರು. ಕುಡಿತ ಬಿಟ್ಟು ಎರಡೂವರೆ ವರ್ಷವಾದರೂ ಹಳೆಯದು ಒಳಗೆ ಕೂತಿತ್ತು. ನೆಲನೆಲ್ಲಿ ಟಿಂಚರ್ ತಂದುಕೊಟ್ಟವಳು ಅವಳೇ. ಯಾವ ಡಾಕ್ಟರರೂ ಬರೆದುಕೊಟ್ಟಿರಲಿಲ್ಲ.

ಅತ್ತೆ ಅಣ್ಣಮ್ಮ ಮಂಚದ ಮೇಲೆ ಎದ್ದು ಕೂತಿದ್ದರು. ಅವರಿಗೆ ಎಲ್ಲ ಕೇಳಿಸಿತ್ತು.

"ಅವತ್ತೇ ಬಡ್ಕೊಂಡೆ. ಗಿಡ ಬೇರು ಸಮೇತ ಅರೆದು, ಬೆಳಿಗ್ಗೆ ಖಾಲಿ ಹೊಟ್ಟೇಲಿ ಮಜ್ಜಿಗೇಲಿ ಕೊಡು ಅಂತ. ನಮ್ಮಪ್ಪಂಗೆ ಕಾಮಾಲೆ ಆದಾಗ ನಮ್ಮವ್ವ ಹಂಗೇ ಕೊಟ್ಟಿದ್ದು. ಇವನಿಗೆ ಬಾಟ್ಲಿ ಯಾಕೆ ಬೇಕಿತ್ತು?"

"ಗಿಡ ಎಲ್ಲಿದೆ ಅತ್ತೆ, ಲಗ್ಗೆರೇಲಿ?"

"ಆ ಖಾಲಿ ಸೈಟಲ್ಲಿ ಸಿಕ್ತಿತ್ತು."

"ಆ ಸೈಟಲ್ಲಿ ಪೀಜಿ ಕಟ್ಟಿ ನಾಲ್ಕು ವರ್ಷ ಆಯ್ತು."

ಮಗಳು ಅನು ಯಾರ ಮುಖವನ್ನೂ ನೋಡದೆ ಡಬ್ಬಿ ಬ್ಯಾಗಿಗೆ ಹಾಕಿಕೊಂಡು ಕಾಲೇಜಿಗೆ ಹೊರಟಳು. ಅಪ್ಪ ಕುಡಿಯುತ್ತಿದ್ದ ಕಾಲದಲ್ಲಿ ಕಲಿತ ಚಾಳಿ.

"ನಾಳೆ ಹನ್ನೊಂದು ಗಂಟೆಗೆ ನಿನ್ನ ಕರ್ಕೊಂಡು ಬಾ ಅಂದಿದಾರೆ," ಅಂದ ಮಹೇಶ್. "ಔಷಧೀದೇ ಅಂತ ಏನಾದ್ರೂ ಕಾಗದ ಇದ್ರೆ ತಗೊಂಡು ಬಾ ಅಂದ್ರು. ಇಲ್ದಿದ್ರೆ ಕೆಲ್ಸ ಇಲ್ಲ."

ಅವಳನ್ನು ಕರೆಸಿದ್ದಕ್ಕೆ ಕಾರಣವಿತ್ತು. ಈ ಕೆಲಸ ಕೊಡಿಸಿದವಳು ಅವಳೇ. ಓನರ್ ಮುನಿವೆಂಕಟಪ್ಪನವರ ತಾಯಿ ಮುನಿಲಕ್ಷ್ಮಮ್ಮ ಮಂಡಿನೋವಿನ ಟಿಂಚರಿಗೆ ತಿಂಗಳಿಗೊಮ್ಮೆ ನಾಯಂಡಹಳ್ಳಿಯಿಂದ ಅಂಗಡಿಗೆ ಬರುತ್ತಿದ್ದರು. ಅವರ ಮನೆಯವರು ಹಿಂದೆ ರಾಗಿ ಬೆಳೆಯುತ್ತಿದ್ದ ಜಮೀನಿನಲ್ಲಿ ಈಗ ಹದಿನೆಂಟು ಬಸ್ಸು ನಿಲ್ಲುತ್ತಿದ್ದವು. ಎಲ್ಲವೂ ಫ್ಯಾಕ್ಟರಿಗಳ ಕಾಂಟ್ರಾಕ್ಟ್ ಬಸ್ಸುಗಳು. ಕುಡಿದು ನಾಲ್ಕು ಕಡೆ ಕೆಲಸ ಕಳೆದುಕೊಂಡ ಡ್ರೈವರನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಶೋಭಾರಾಣಿ ಯಾರ್ಡಿಗೆ ಹೋಗಿ, ಕೈಕಟ್ಟಿ ನಿಂತು, "ಅವರು ಮುಟ್ಟಲ್ಲ ಸಾರ್, ಜವಾಬ್ದಾರಿ ನಂದು" ಅಂದಿದ್ದಳು. ಆ ಮಾತಿನ ಮೇಲೆ ಮಹೇಶ್ ಎರಡು ವರ್ಷ ಬಸ್ಸು ಓಡಿಸಿದ್ದ.

ಅವತ್ತು ಅಂಗಡಿಯಲ್ಲಿ ಗಿರಾಕಿಗಳು ಹೆಚ್ಚೇ ಇದ್ದರು. ಶ್ರಾವಣ ಶುರುವಾದ ಮೇಲೆ ಎಲ್ಲರಿಗೂ ಕೆಮ್ಮು. ಬಸವೇಶ್ವರನಗರದ ಕಲ್ಯಾಣಮ್ಮ ಎಂಬವರು ಅಶ್ವಗಂಧದ ಬಾಟಲಿ ಹಿಡಿದು ಚೀಟಿಯ ಸಣ್ಣ ಅಕ್ಷರವನ್ನು ಕಣ್ಣಿನ ಹತ್ತಿರ ತಂದು ಓದುತ್ತಿದ್ದರು.

"ಇದ್ರಲ್ಲಿ ಆಲ್ಕೋಹಾಲ್ ಅಂತ ಇದೆಯಲ್ಲಮ್ಮ. ನಾವು ಶ್ರಾವಣ ಮಾಡ್ತೀವಿ."

ಇಂಥ ಪ್ರಶ್ನೆಗೆ ಅಂಗಡಿಯಲ್ಲಿ ಒಂದು ಸಿದ್ಧ ಉತ್ತರವಿತ್ತು. ಮಾಲೀಕರು ವೆಂಕಟರಮಣಪ್ಪ ಗಲ್ಲಾದ ಹಿಂದಿನಿಂದಲೇ ಅದನ್ನು ಹೇಳಿದರು. "ಕಳಿತ ಬಾಳೆಹಣ್ಣಲ್ಲೂ ಇರುತ್ತೆ ತಾಯಿ. ಅದನ್ನ ದೇವರಿಗೆ ಇಡಲ್ವಾ? ಗಿಡದ ಸತ್ವ ಸ್ಪಿರಿಟ್ಟಲ್ಲಿ ಇಳಿದಂಗೆ ನೀರಲ್ಲಿ ಇಳಿಯಲ್ಲ. ಇಪ್ಪತ್ತು ಹನಿ ಅಷ್ಟೇ."

ಕಲ್ಯಾಣಮ್ಮ ನಕ್ಕು ಬಾಟಲಿ ಚೀಲಕ್ಕೆ ಹಾಕಿಕೊಂಡರು. ಶೋಭಾರಾಣಿಯೂ ಈ ಬಾಳೆಹಣ್ಣಿನ ಮಾತನ್ನು ಸಾವಿರ ಸಲ ಹೇಳಿದ್ದಳು. ಮನೆಯಲ್ಲಿ ಮಹೇಶನಿಗೂ ಹೇಳಿದ್ದಳು. ಮೊದಲ ದಿನ ಅವನು ಬಾಟಲಿ ಮೂಸಿ, "ಇದು ಬೇಡ ಕಣೇ, ವಾಸನೆ ಬರ್ತಿದೆ" ಅಂದಾಗ.

ಮಧ್ಯಾಹ್ನ ಗಿರಾಕಿ ಕಡಿಮೆಯಾದ ಮೇಲೆ ಅವಳು ವೆಂಕಟರಮಣಪ್ಪನವರ ಮುಂದೆ ನಿಂತು ನಡೆದದ್ದನ್ನು ಹೇಳಿದಳು. ನೆಲನೆಲ್ಲಿ ಟಿಂಚರಿನಲ್ಲಿ ಇಂತಿಷ್ಟು ಸ್ಪಿರಿಟ್ ಇದೆ, ಬಾಯಿಗೆ ಹಾಕಿಕೊಂಡ ತಕ್ಷಣ ಊದಿದರೆ ಮಿಷನ್ ತೋರಿಸುತ್ತದೆ ಅಂತ ಅಂಗಡಿಯ ಲೆಟರ್‌ಹೆಡ್‌ನಲ್ಲಿ ಬರೆದುಕೊಡಬೇಕು ಎಂದು ಕೇಳಿದಳು.

"ಅದಕ್ಕೇನಮ್ಮ, ಬರ್ಕೊಡ್ತೀನಿ. ಇರೋ ವಿಷಯ ತಾನೆ," ಅಂದರು. ಕನ್ನಡಕ ಹಾಕಿಕೊಂಡು ನಿಧಾನವಾಗಿ, ಗುಂಡಗಿನ ಅಕ್ಷರದಲ್ಲಿ ಬರೆದರು. ಶೇಕಡಾ ಅರವತ್ತು ಅಂತ ಬರೆದು ಕೆಳಗೆ ಗೆರೆ ಎಳೆದರು. ಸೀಲು ಒತ್ತಿ ಅದು ಒಣಗಲೆಂದು ಊದಿದರು.

"ಪಾಪ, ಒಳ್ಳೆ ಮನುಷ್ಯ. ಎಲ್ರಿಗೂ ಹೇಳು, ಡ್ರೈವರ್‌ಗಳಿಗೆಲ್ಲ. ಊದೋಕೆ ಮುಂಚೆ ತಗೋಬೇಡಿ ಅಂತ."

"ಯಾವ ಡ್ರೈವರ್‌ಗಳಿಗೆ ಸಾರ್?"

"ಅದೇ, ಮಹೇಶ ತಗೊಂಡು ಹೋಗಿ ಕೊಡ್ತಾನಲ್ಲ, ಅವರಿಗೆ. ಗುರುವಾರ ಬಂದಿದ್ದ. ನೂರು ಎಂಎಲ್‌ದು ಮೂರು ತಗೊಂಡು ಹೋದ. ಹೋದ ಗುರುವಾರಾನೂ ಮೂರು. ಯಾರ್ಡಲ್ಲಿ ಎಲ್ರದ್ದೂ ಲಿವರ್ ಹಾಳಾಗಿದೆ, ಶೋಭಾ ಹೇಳಿ ಕಳಿಸಿದ್ಲು ಅಂದ. ನೀನು ಹೇಳಿಲ್ವಾ?"

ಗುರುವಾರ ಅವಳ ವಾರದ ರಜ.

"ಹೇಳಿದ್ದೆ ಸಾರ್," ಅಂದಳು. ಕಾಗದ ಮಡಚಿ ಪರ್ಸಿನಲ್ಲಿಟ್ಟಳು.

ಲೆಕ್ಕ ಅವಳ ನಾಲಿಗೆಯ ಮೇಲೇ ಇತ್ತು. ದಿನಕ್ಕೆ ಎರಡು ಸಲ, ಇಪ್ಪತ್ತಿಪ್ಪತ್ತು ಹನಿ. ಹಾಗೆ ತೆಗೆದುಕೊಂಡರೆ ನೂರು ಎಂಎಲ್ ಬಾಟಲಿ ಮೂರು ತಿಂಗಳು ಬರುತ್ತದೆ. ಅವನು ವಾರಕ್ಕೆ ಮೂರು ಒಯ್ಯುತ್ತಿದ್ದ. ಬ್ರಾಂದಿಗಿಂತ ಗಟ್ಟಿ ಸರಕು. ಯಾರ್ಡಿನಲ್ಲಿ ಬೇರೆ ಡ್ರೈವರುಗಳು ಲಿವರಿಗೆ ಔಷಧಿ ಕುಡಿಯುವವರಲ್ಲ. ಲಿವರ್ ಇದೆಯೆಂದು ಅವರಿಗೆ ಡಾಕ್ಟರ್ ಹೇಳುವವರೆಗೆ ಗೊತ್ತಾಗುವುದೂ ಇಲ್ಲ. ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕಾಲು ನೋಯುತ್ತಿತ್ತು. ಕೌಂಟರಿನ ಹಿಂದೆ ಸ್ಟೂಲು ಹಾಕಲು ಜಾಗವಿಲ್ಲದ್ದರಿಂದ ಸಂಜೆ ಏಳರವರೆಗೆ ನಿಂತೇ ಇರಬೇಕಿತ್ತು. ನಿಂತಳು. ಇನ್ನೂ ಇಪ್ಪತ್ತು ಮೂವತ್ತು ಜನಕ್ಕೆ ಬಾಯಿ ಮುಕ್ಕಳಿಸಬೇಡಿ ಅಂತ ಹೇಳಿದಳು.

ಮನೆಗೆ ಬಂದಾಗ ಅನು ಟ್ಯೂಷನ್‌ಗೆ ಹೋಗಿದ್ದಳು. ಅಣ್ಣಮ್ಮ ಪಕ್ಕದ ಮನೆಯಲ್ಲಿ ಟೀವಿ ನೋಡುತ್ತಿದ್ದರು. ಮಹೇಶ್ ಹುರುಳಿಕಾಯಿ ಬಿಡಿಸುತ್ತಾ ನೆಲದ ಮೇಲೆ ಕೂತಿದ್ದ. ಕುಡಿತ ಬಿಟ್ಟ ಮೇಲೆ ಅವನು ಇಂಥ ಕೆಲಸಗಳನ್ನು ಹೇಳದೆಯೇ ಮಾಡುತ್ತಿದ್ದ.

"ಕಾಗದ ಕೊಟ್ರಾ?"

"ಕೊಟ್ರು. ಗುರುವಾರದ ವಿಷ್ಯಾನೂ ಹೇಳಿದ್ರು."

ಅವನ ಕೈ ನಿಂತಿತು. ಮತ್ತೆ ಒಂದು ಹುರುಳಿಕಾಯಿ ತೆಗೆದು ನಾರು ಎಳೆದ.

"ಡ್ರೈವರ್‌ಗಳಿಗೆ ಅಂತ..."

"ರೀ, ಬೇಡ."

"ಮೊದ್ಲು ನಲವತ್ತು ಹನಿ ಹಾಕ್ಕೊಂಡೆ. ಬೇಗ ವಾಸಿ ಆಗ್ಲಿ ಅಂತ. ದೇವ್ರಾಣೆ ಅಷ್ಟೇ ಇದ್ದಿದ್ದು. ಆಮೇಲೆ ಒಂದು ಮುಚ್ಚಳ."

"ಆಮೇಲೆ?"

"ನಾನು ಬಾರ್ ಮೆಟ್ಲು ಹತ್ತಿಲ್ಲ ಶೋಭಾ. ಅನು ತಲೆ ಮುಟ್ಟಿ ಆಣೆ ಮಾಡಿದೀನಿ, ಮುರಿದಿಲ್ಲ. ಅದು ಔಷಧಿ."

"ಔಷಧಿ ಇಪ್ಪತ್ತು ಹನಿ."

"ಕೊಟ್ಟಿದ್ದು ನೀನು. ನಾನು ಬೇಡ ಅಂದೆ. ಬಾಳೆಹಣ್ಣು ಅಂದೆ ನೀನು."

ಅವಳು ಗೋಡೆಗೊರಗಿ ಕೂತು ಕಾಲು ಚಾಚಿದಳು. ಹದಿನಾಲ್ಕು ವರ್ಷದಲ್ಲಿ ಎಷ್ಟೋ ಹೆಂಗಸರು ಗಂಡನ ಲಿವರಿಗೆಂದು ಬಂದಿದ್ದರು. ಕುಡಿಯುತ್ತಾರಾ, ಬಿಟ್ಟಿದ್ದಾರಾ ಎಂದು ಅವಳು ಒಬ್ಬರನ್ನೂ ಕೇಳಿರಲಿಲ್ಲ. ಚೀಟಿಯಲ್ಲಿದ್ದದ್ದನ್ನು ಕೊಟ್ಟಿದ್ದಳು.

"ಗೇಟಲ್ಲಿ ನಾಲಿಗೆ ಮೇಲೆ ಬಿಟ್ಕೊಂಡೆ ಅಂದಿದ್ದು?"

"ಬೆಳಿಗ್ಗೆ ಎದ್ದಾಗ ಕೈ ನಡುಗ್ತಿತ್ತು. ಬಚ್ಚಲಲ್ಲಿ ಅರ್ಧ ಬಾಟ್ಲಿ ಕುಡಿದೆ. ನಾಲ್ಕು ಗಂಟೇಲಿ."

"ದಿನಾನಾ?"

"ದಿನಾ ಇಲ್ಲ." ಆಮೇಲೆ, "ಒಂದು ತಿಂಗಳಿಂದ," ಅಂದ.

"ದಿನಾ ಊದ್ತೀರಲ್ಲ. ಇಷ್ಟು ದಿನ ಯಾಕೆ ಬರ್ಲಿಲ್ಲ?"

"ಮಿಷನ್ ಕೆಟ್ಟಿತ್ತು. ನಿನ್ನೆ ಹೊಸದು ತಂದ್ರು."

ಅವಳಿಗೆ ನಗು ಬಂದಂತಾಯಿತು, ನಗಲಿಲ್ಲ.

ಮಹೇಶ್ ತಟ್ಟೆ ಪಕ್ಕಕ್ಕೆ ಸರಿಸಿ ಅವಳ ಕಡೆ ತಿರುಗಿದ. "ನಾಳೆ ಒಂದಿನ ಸುಮ್ನಿರು. ಕಾಗದ ಕೊಡು, ಅಷ್ಟೇ. ಆಮೇಲೆ ಮುಟ್ಟಲ್ಲ. ಈ ಕೆಲ್ಸ ಹೋದ್ರೆ ನಂಗೆ ಇನ್ನೊಂದು ಸಿಗಲ್ಲ, ನಿಂಗೂ ಗೊತ್ತು."

ಗೊತ್ತಿತ್ತು. ಅವಳು ಎದ್ದು ಕುಕ್ಕರ್ ಇಟ್ಟಳು.

ಮರುದಿನ ಹನ್ನೊಂದಕ್ಕೆ ಅವರಿಬ್ಬರೂ ಯಾರ್ಡಿಗೆ ಹೋದಾಗ ಬಸ್ಸುಗಳೆಲ್ಲ ಬೆಳಗಿನ ಟ್ರಿಪ್ ಮುಗಿಸಿ ಬಂದು ನಿಂತಿದ್ದವು. ತಗಡಿನ ಶೀಟು ಹೊದಿಸಿದ ಆಫೀಸಿನಲ್ಲಿ ಮುನಿವೆಂಕಟಪ್ಪ ಫ್ಯಾನಿನ ಕೆಳಗೆ ಕೂತಿದ್ದರು. ಹಿಂದುಗಡೆಯೇ ಅವರ ಮನೆ. ಸೊಸೆಯ ಜೊತೆ ಮಾತುಬಿಟ್ಟಿದ್ದ ಮುನಿಲಕ್ಷ್ಮಮ್ಮ ಹಗಲೆಲ್ಲ ಆಫೀಸಿನ ಬೆಂಚಿನಲ್ಲೇ ಇರುತ್ತಿದ್ದರು.

ಮುನಿವೆಂಕಟಪ್ಪ ಕಾಗದವನ್ನು ಎರಡು ಸಲ ಓದಿದರು. "ಅರವತ್ತು ಪರ್ಸೆಂಟಾ? ಏನಮ್ಮಾ ಇದು, ಔಷಧಿ ಅಂಗಡೀನೋ ಇನ್ನೊಂದೋ?"

"ಎಲ್ಲ ಟಿಂಚರೂ ಹಂಗೇ ಸಾರ್. ಇಪ್ಪತ್ತು ಹನಿ ಲೆಕ್ಕ."

"ಇಪ್ಪತ್ತು ಹನಿಗೆ ಮಿಷನ್ ಹೊಡ್ಕೊಳ್ಳುತ್ತಾ? ನನ್ನನ್ನ ಮಂಗ ಮಾಡ್ತಿದೀರಾ?"

ಬೆಂಚಿನಿಂದ ಮುನಿಲಕ್ಷ್ಮಮ್ಮ ಅಂದರು, "ನಾನೂ ಅದೇ ತಾನೆ ಕುಡಿಯೋದು, ಮಂಡಿಗೆ. ನಂಗೆ ಊದ್ಸು, ನೋಡನ."

"ನೀನು ಸುಮ್ನಿರವ್ವ."

"ಯಾಕೆ ಸುಮ್ನಿರ್ಲಿ? ಅವನೊಬ್ಬನೇ ಏನು ಊದೋದು? ಶ್ರೀಶೈಲ, ತಗೊಂಬಾರೋ ಅದನ್ನ."

ಯಾರ್ಡಿನ ಸೂಪರ್‌ವೈಸರ್ ಶ್ರೀಶೈಲ ನಗು ತಡೆದುಕೊಂಡು ಹೊಸ ಮಿಷನ್ ತಂದ. ಮುದುಕಿ ಸೊಂಟದ ಚೀಲದಿಂದ ತನ್ನ ಕಂದು ಬಾಟಲಿ ತೆಗೆದು, ತಲೆಯೆತ್ತಿ, ನಾಲಿಗೆಯ ಮೇಲೆ ಹನಿ ಬಿಟ್ಟುಕೊಂಡರು. ಒಂದು, ಎರಡು ಎಂದು ಶೋಭಾರಾಣಿಯೇ ಎಣಿಸಿದಳು. ಇಪ್ಪತ್ತಾದ ಮೇಲೆ ಮುನಿಲಕ್ಷ್ಮಮ್ಮ ಕೊಳವೆಗೆ ಬಾಯಿಟ್ಟು ಒಲೆ ಊದುವಂತೆ ಊದಿದರು. ಮಿಷನ್ ಕಿರುಚಿತು.

"ನೂರಾ ತೊಂಬತ್ತು," ಅಂದ ಶ್ರೀಶೈಲ. "ಅಜ್ಜಿ ಫುಲ್ ಟೈಟ್ ಸಾರ್. ಗಾಡಿ ಕೊಡೋ ಹಂಗಿಲ್ಲ."

"ನಿಮ್ಮಪ್ಪಂಗೆ ಹೇಳು ಟೈಟು ಅಂತ," ಅಂದರು ಮುನಿಲಕ್ಷ್ಮಮ್ಮ.

ಹೊರಗೆ ನಿಂತು ನೋಡುತ್ತಿದ್ದ ಡ್ರೈವರುಗಳೂ ನಕ್ಕರು. ಮುನಿವೆಂಕಟಪ್ಪ ತಲೆ ಚಚ್ಚಿಕೊಂಡರು. ಮುದುಕಿಗೆ ಬಾಯಿ ಮುಕ್ಕಳಿಸಲು ಹೇಳಿ, ಟೀ ತರಿಸಿ, ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಊದಿಸಿದರು. ಸೊನ್ನೆ ಬಂತು.

"ಸರಿ ಬಿಡಪ್ಪಾ," ಅಂದರು ಮುನಿವೆಂಕಟಪ್ಪ, ಮಹೇಶನಿಗೆ. "ನಿನ್ನೆ ಇನ್ನೊಂದ್ಸಲ ಊದಿಸಬೇಕಿತ್ತು, ನನ್ನದೂ ತಪ್ಪಾಯ್ತು. ಕೋಪದಲ್ಲಿ ಏನೇನೋ ಅಂದ್ಬಿಟ್ಟೆ, ಮನಸ್ಸಲ್ಲಿ ಇಟ್ಕೋಬೇಡ. ಎರಡು ಗಂಟೆ ಟ್ರಿಪ್ ನೀನೇ ತಗೊಂಡು ಹೋಗು." ಡ್ರಾಯರಿನಿಂದ ಕೀ ತೆಗೆದು ಮೇಜಿನ ಮೇಲಿಟ್ಟರು.

ಮಹೇಶ್ ಕೀ ಎತ್ತಿಕೊಂಡ. ಅವನ ಬೆರಳು ನಡುಗುತ್ತಿದ್ದವು. ಬೇರೆಯವರಿಗೆ ಕಾಣುವಷ್ಟೇನೂ ಅಲ್ಲ. ನಿನ್ನೆ ಬೆಳಗಿನ ಮೇಲೆ ಅವನು ಏನೂ ಕುಡಿದಿರಲಿಲ್ಲವೆಂದು ಅವಳಿಗೆ ಅದರಿಂದಲೇ ಗೊತ್ತಾಯಿತು. ಎರಡು ಗಂಟೆಯೊಳಗೆ ಅವನು ಆ ನಡುಕ ನಿಲ್ಲಿಸುವ ದಾರಿ ಹುಡುಕುತ್ತಾನೆ, ಮುಖ್ಯರಸ್ತೆಯಲ್ಲಿ ಔಷಧಿ ಅಂಗಡಿಗಳು ಬೇಕಾದಷ್ಟಿವೆ, ಅದೂ ಗೊತ್ತಾಯಿತು.

ಎರಡು ಗಂಟೆಯ ಟ್ರಿಪ್‌ನಲ್ಲಿ ಮೊದಲ ಶಿಫ್ಟ್ ಮುಗಿಸಿದ ಐವತ್ತೆರಡು ಹೆಂಗಸರು ಇರುತ್ತಾರೆ. ಹತ್ತಿದ ಕೂಡಲೇ ನಿದ್ದೆ ಹೋಗುತ್ತಾರೆ ಎಂದು ಮಹೇಶನೇ ಹೇಳಿದ್ದ. ಕಿಟಕಿಗೆ ತಲೆಯಿಟ್ಟು, ಬಾಯಿ ತೆರೆದುಕೊಂಡು. ಬೆಳಿಗ್ಗೆ ನಾಲ್ಕಕ್ಕೆದ್ದು ಅಡುಗೆ ಮಾಡಿಟ್ಟು ಬಂದವರು.

"ಸಾರ್," ಅಂದಳು ಶೋಭಾರಾಣಿ. "ಇವರಿಗೆ ಸ್ಟೇರಿಂಗ್ ಕೊಡಬೇಡಿ."

ಮಹೇಶ್ ಅವಳ ಕಡೆ ನೋಡಲಿಲ್ಲ.

"ಏನಮ್ಮಾ?"

"ಇವರು ಹನಿ ಲೆಕ್ಕದಲ್ಲಿ ತಗೊಂಡಿದ್ದಲ್ಲ. ಬಾಟ್ಲಿ ಲೆಕ್ಕದಲ್ಲಿ. ಒಂದು ತಿಂಗಳಿಂದ. ಕಾಗದದಲ್ಲಿ ಇರೋದು ನಿಜ. ಆದ್ರೆ ನಿನ್ನೆ ಮಿಷನ್ ತೋರ್ಸಿದ್ದೂ ನಿಜ."

ಮುನಿವೆಂಕಟಪ್ಪನವರ ಮುಖ ಕೆಂಪಾಯಿತು. "ಮತ್ತೆ ಈ ನಾಟಕ ಯಾಕಮ್ಮಾ? ನಮ್ಮವ್ವನ ಕೈಲಿ ಊದ್ಸಿ, ಎಲ್ರ ಮುಂದೆ..."

"ಸುಮ್ನಿರೋಣ ಅಂತಲೇ ಬಂದಿದ್ದೆ ಸಾರ್. ಆಗ್ಲಿಲ್ಲ."

"ನಿಜಾನೇನೋ?" ಅವರು ಮಹೇಶನನ್ನು ಕೇಳಿದರು.

ಮಹೇಶ್ ಕೀ ಮೇಜಿನ ಮೇಲಿಟ್ಟ.

ಮುನಿಲಕ್ಷ್ಮಮ್ಮ ತಮ್ಮ ಬಾಟಲಿಯನ್ನು ಸೊಂಟದ ಚೀಲಕ್ಕೆ ಸೇರಿಸಿ ದಾರ ಬಿಗಿದರು. "ಆ ಹೆಣ್ಣು ಹೇಳ್ದಿದ್ರೆ ನಿಂಗೆ ಗೊತ್ತಾಗ್ತಿತ್ತೇನೋ?" ಎಂದು ಮಗನನ್ನು ಗದರಿದರು. "ಮನೆಗೆ ಕಳಿಸಿದ್ರೆ ಇನ್ನೂ ಕುಡೀತಾನೆ. ಇಲ್ಲೇ ಏನಾದ್ರೂ ಕೆಲ್ಸ ಕೊಡು."

ಮುನಿವೆಂಕಟಪ್ಪ ಬಹಳ ಹೊತ್ತು ಕಾಗದವನ್ನು ಮಡಚಿ ಬಿಚ್ಚಿ ಮಾಡಿದರು. ಆಸ್ಪತ್ರೆಗೆ ತೋರಿಸಬೇಕು ಅಂದರು. ಬಸ್ಸು ತೊಳೆಯುವುದು, ಗಾಳಿ ಡೀಸೆಲ್ ನೋಡುವುದು, ಅಷ್ಟಾದರೆ ಇದೆ ಅಂದರು. ದಿನಾ ಬೆಳಿಗ್ಗೆ ಎಲ್ಲರ ಹಾಗೆ ಊದಬೇಕು. ಆರು ತಿಂಗಳು ಸೊನ್ನೆ ಬಂದರೆ ಆಮೇಲೆ ನೋಡೋಣ. ಅದೂ ಡ್ರೈವಿಂಗ್ ಕೊಡುತ್ತೇನೆ ಅಂತ ಮಾತು ಕೊಡುವುದಿಲ್ಲ.

"ಯೋಚ್ನೆ ಮಾಡಿ ಹೇಳ್ತೀನಿ," ಅಂದ ಮಹೇಶ್.

"ಯೋಚ್ನೆ ಮಾಡ್ತಾನಂತೆ," ಅಂದರು ಮುನಿವೆಂಕಟಪ್ಪ, ಶ್ರೀಶೈಲನಿಗೆ. "ಎರಡು ಗಂಟೆಗೆ ನೀನೇ ಹೋಗು."

ಇಬ್ಬರೂ ರಿಂಗ್ ರೋಡಿಗೆ ನಡೆದು ಬಂದು ಬಸ್ಸಿಗೆ ಕಾದರು. ಅವನು ಸ್ಟಾಪಿನ ಆ ಕಂಬಕ್ಕೆ ಒರಗಿ ನಿಂತಿದ್ದ, ಇವಳು ಈ ಕಂಬದ ಹತ್ತಿರ. ಅಂಗಡಿಗೆ ಮಧ್ಯಾಹ್ನದವರೆಗೆ ಮಾತ್ರ ರಜ ಹೇಳಿದ್ದಳು. ಬಿಸಿಲು ಮೋಡದೊಳಗಿನಿಂದ ಬೇಯಿಸುತ್ತಿತ್ತು.

"ಎಲ್ರ ಮುಂದೆ," ಅಂದ ಮಹೇಶ್, ರಸ್ತೆ ನೋಡುತ್ತಾ.

"ಹೂಂ."

"ಮನೇಲಿ ಹೇಳಬಹುದಿತ್ತು. ಹೋಗೋದು ಬೇಡ ಅಂತ ಹೇಳಿದ್ರೆ ನಾನು ಕೇಳ್ತಿರ್ಲಿಲ್ವಾ?"

ಅವಳು ಯೋಚಿಸಿದಳು. "ಇಲ್ಲ," ಅಂದಳು.

ಬಸ್ಸು ಬಂತು. ಅವಳು ಮುಂದಿನ ಬಾಗಿಲಲ್ಲಿ ಹತ್ತಿದಳು, ಅವನು ಹಿಂದಿನ ಬಾಗಿಲಲ್ಲಿ. ಅವಳಿಗೆ ಫ್ರೀ ಟಿಕೆಟ್. ಹೆಂಗಸರ ಸೀಟು ಒಂದೂ ಖಾಲಿ ಇರಲಿಲ್ಲ. ಕಂಬಿ ಹಿಡಿದು ನಿಂತಳು. ಸುಮನಹಳ್ಳಿಯಲ್ಲಿ ಅವಳು ಇಳಿದು ರಾಜಾಜಿನಗರದ ಬಸ್ಸು ಹಿಡಿಯಬೇಕು. ಅವನು ಇದೇ ಬಸ್ಸಿನಲ್ಲಿ ಲಗ್ಗೆರೆಗೆ ಹೋಗಬೇಕು. ಮಧ್ಯೆ ಏಳೆಂಟು ಸ್ಟಾಪು. ಎಲ್ಲಿ ಬೇಕಾದರೂ ಇಳಿಯಬಹುದು.

ಸುಮನಹಳ್ಳಿ ಬರುವ ಹೊತ್ತಿಗೆ ಫೋನು ಅದುರಿತು. ಹಿಂದಿನಿಂದಲೇ ಅವನು ಮೆಸೇಜು ಕಳಿಸಿದ್ದ. ಯಾವ ಆಸ್ಪತ್ರೆ, ಅಂತ ಮಾತ್ರ ಇತ್ತು.

ಅವಳಿಗೂ ಗೊತ್ತಿರಲಿಲ್ಲ. ಸಂಜೆ ಕೇಳಿ ಬರ್ತೀನಿ, ಮನೇಲಿ ಇರಿ, ಅಂತ ಒಂದೇ ಕೈಯಲ್ಲಿ ಟೈಪು ಮಾಡಿ, ಇಳಿದಳು. ಬಸ್ಸು ಮುಂದೆ ಹೋಯಿತು. ಅವನು ಒಳಗಿದ್ದಾನೋ ಇಳಿದನೋ ಎಂದು ಅವಳು ತಿರುಗಿ ನೋಡಲಿಲ್ಲ. ನೋಡಿದರೆ ದಿನಾ ನೋಡಬೇಕಾಗುತ್ತದೆ. ರಸ್ತೆ ದಾಟಿದಳು.